ಸೀಮೆಸುಣ್ಣದ ಸುದ್ದಿ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ, ಟಿಕೆಟ್ ಕೋಣೆಯ ಹಿಂಗೋಡೆಗೆ ‘ಇಲ್ಲಿ ಬರೆಯಬಾರದು’ ಎಂದು ಟಾರಿನಲ್ಲಿ ಬರೆಸಿದ್ದರು. ಬರೆಯಬಾರದು ಅಂತ ಬರೆದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಸುತ್ತ ಒಂದಂಗುಲ ಬಿಡದೆ ಬರೆದರು. ಟಪಾಲಿನವನು ವಾರಕ್ಕೊಮ್ಮೆ ಮುಖ ತೋರಿಸುವ ಹಳ್ಳಿಗಳಿಗೆ ಆ ಗೋಡೆಯೇ ಟಪಾಲು. ಊರೂರಿನವರು ಹೇಳಿ ಕಳಿಸಿದ್ದನ್ನು ಕಂಡಕ್ಟರುಗಳು ತಂದು ಅಲ್ಲಿ ಗೀಚುತ್ತಿದ್ದರು. ಓದು ಬಾರದವರಿಗೂ ತೊಂದರೆಯಿರಲಿಲ್ಲ. ಮನೆಗೊಂದು ಗುರುತು. ಒಳ್ಳೆಯ ಸುದ್ದಿಗೆ ಸೀಮೆಸುಣ್ಣ, ಕೆಟ್ಟದ್ದಕ್ಕೆ ಇದ್ದಿಲು. ಸಾವಾದರೆ ಅದರ ಸುತ್ತ ಒಂದು ಗೆರೆ. ಯಾರು ಮಾಡಿದ ಕಾನೂನೋ, ಯಾರೂ ಮುರಿದಿರಲಿಲ್ಲ.

ಅಕ್ಕಯ್ಯಮ್ಮನ ಗುರುತು ಮೊರ. ಒಬ್ಬಳೇ ಮಗಳು ಶಾಂತಕುಮಾರಿ ತೊಂಡೇಬಾವಿಯಲ್ಲಿ, ಗಂಡನ ಮನೆಯಲ್ಲಿದ್ದಳು. ಎರಡನೆಯ ಬಸಿರು, ದಿನ ತುಂಬಿತ್ತು. ಅಕ್ಕಯ್ಯಮ್ಮ ದಿನಾ ಎರಡು ಮೈಲಿ ನಡೆದು ಬಂದು ಮೊರದ ಕೆಳಗೆ ನೋಡಿಕೊಂಡು ಹೋಗುತ್ತಿದ್ದಳು.

ಮಂಗಳವಾರ ಮಧ್ಯಾಹ್ನ ನೋಡಿದರೆ ಬೆಳ್ಳಗೆ ಎರಡು ಸಾಲು!

“ಅಯ್ಯೋ ನನ್ನವ್ವಾ, ಹಡೆದ್ಲು!” ಎಂದು ಒಬ್ಬಳೇ ಕೂಗಿಕೊಂಡಳು. ಎಲ್ಲರಿಗೂ ಓದಿ ಹೇಳುತ್ತಿದ್ದ ಛತ್ರಿ ರಿಪೇರಿಯ ಆವುಲಪ್ಪ ಊಟಕ್ಕೆ ಹೋಗಿದ್ದ. ಓದಿಸುವುದೇನಿದೆ, ಬಿಳಿ ಅಂದರೆ ಬಿಳಿ. ಹಿಂದೆ ಚಿಕ್ಕಬಳ್ಳಾಪುರದ ಬಸ್ಸು ಹೊರಡಲು ನಿಂತಿತ್ತು; ತೊಂಡೇಬಾವಿಗೂ ಅದೇ ದಾರಿ. ಹತ್ತಿಬಿಡಲೇ ಅನ್ನಿಸಿತು. ಆದರೆ ಬರಿಗೈಯಲ್ಲಿ ಬಾಣಂತಿಯನ್ನು ನೋಡಲು ಹೋಗುವುದುಂಟೇ? ಮನೆಗೆ ಓಡಿದಳು. ಬೆಳ್ಳುಳ್ಳಿ ಸುಲಿದಳು, ಮೆಣಸು ಹುರಿದು ಕುಟ್ಟಿದಳು, ಕೊಬ್ಬರಿ ತುರಿದಳು. ಪಕ್ಕದ ಮನೆಯ ಅಮ್ಮಾಜಮ್ಮನ ಬಾಯಿಗೆ ಸಕ್ಕರೆ ಹಾಕಿ ನಕ್ಕಳು.

ಮಾರನೆಯ ಬೆಳಿಗ್ಗೆ ಗಂಟು ಹೊತ್ತು ಬಂದವಳು ಆವುಲಪ್ಪನ ಮುಂದೆ ಬೆಲ್ಲದ ಉಂಡೆ ಹಿಡಿದಳು.

“ಮೊದ್ಲು ಬಾಯಿ ಸಿಹಿ ಮಾಡ್ಕೊಳಪ್ಪ. ಆಮೇಲೆ ಓದು. ಗಂಡೋ, ಹೆಣ್ಣೋ?”

ಆವುಲಪ್ಪ ಬೆಲ್ಲ ಮುಟ್ಟಲಿಲ್ಲ. ರಿಪೇರಿಗೆ ಬಂದ ಛತ್ರಿಯೊಂದನ್ನು ಬಿಚ್ಚಿ ಗೋಡೆಗೆ ಅಡ್ಡ ಹಿಡಿದಿದ್ದ. ಅಕ್ಕಯ್ಯಮ್ಮ ಅದನ್ನು ಸರಿಸಿದಳು. ಬಿಳಿ ಸಾಲುಗಳ ಕೆಳಗೆ ಇದ್ದಿಲಿನ ಸಾಲೊಂದಿತ್ತು. ಸುತ್ತ ಗೆರೆ ಇತ್ತು.



“ಅದನ್ನ ಓದಬ್ಯಾಡ,” ಎಂದಳು. “ಅದು ಗೊತ್ತಾಯ್ತು. ಬಿಳೀದನ್ನ ಓದು.”

“ಬ್ಯಾಡ ಬಿಡಮ್ಮ.”

“ಓದಪ್ಪ.”

ಅವನು ಗೋಡೆ ಕಡೆ ತಿರುಗಿ ಓದಿದ: “ಶಾಂತಕುಮಾರಿಗೆ ಹೆರಿಗೆ ಕಷ್ಟ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ತಂದಿದ್ದೇವೆ. ಅಮ್ಮ ಬರಲಿ ಅಂತಿದಾಳೆ. ಬೇಗ ಬನ್ನಿ.”

ಓದಿದವನಿಗೆ ಸಿಟ್ಟು ತಡೆಯಲಿಲ್ಲ. “ಇದನ್ನ ಸೀಮೆಸುಣ್ಣದಲ್ಲಿ ಬರೀತಾರೇನಮ್ಮಾ! ಹೊಸಾ ಕಂಡಕ್ಟರು, ತುಮಕೂರು ಕಡೆಯೋನು. ಮೂಟೆ ಮೇಲೆ ಗುರುತು ಹಾಕಕ್ಕೆ ಅಂತ ಜೇಬಲ್ಲಿ ಇಟ್ಕೊಂಡಿರ್ತಾನೆ, ಅದ್ರಲ್ಲೇ ಬರ್ದವ್ನೆ. ಅವ್ನಿಗೇನು ಗೊತ್ತು ನಮ್ಮ ಗೋಡೆ ವಿಚಾರ!”

ಅಕ್ಕಯ್ಯಮ್ಮ ಗಂಟನ್ನು ಕೆಳಗಿಟ್ಟು ಅದರ ಪಕ್ಕದಲ್ಲಿ ಕುಳಿತಳು. ಕೈಯಲ್ಲಿದ್ದ ಬೆಲ್ಲ ಬೆವರಿಗೆ ಕರಗಿ ಅಂಟುತ್ತಿತ್ತು.

“ನಿನ್ನೆ ಬಸ್ಸಿತ್ತಲ್ಲಪ್ಪಾ,” ಎಂದಳು. “ಇಲ್ಲೇ, ನನ್ನ ಬೆನ್ನ ಹಿಂದೇನೇ ನಿಂತಿತ್ತು.”