ಪಾಯಸದ ಲೋಟ ನಡೆಯುತ್ತದೆ

ರಾತ್ರಿ ಏಳೂವರೆ. ಮಡಂತ್ಯಾರಿನ ಮದುವೆ ಹಾಲ್‌ನ ವೇದಿಕೆಯಲ್ಲಿ, ಶೋಧನನ ಹೊಸ ಬೇಸ್ ಸ್ಪೀಕರ್ ಪೆಟ್ಟಿಗೆಯ ಮೇಲಿದ್ದ ಪಾಯಸದ ಲೋಟ ಅರ್ಧ ಇಂಚು ಸರಿಯಿತು. ಸರಿಯಲಿ, ಸರಿಯಬೇಕಾದದ್ದೇ, ಈ ಪೆಟ್ಟಿಗೆಯನ್ನು ಆರಿಸಿದ್ದೇ ಅದಕ್ಕೆ — ಬೇಸ್ ಗಿಟಾರಿನ ದಪ್ಪ ತಂತಿಯನ್ನು ಇನ್ನೊಮ್ಮೆ ಮೀಟಿದ, ಲೋಟ ಇನ್ನೊಂದು ಹೆಜ್ಜೆ ಇಟ್ಟಿತು, ಈಗ ಹೇಳಲಿ ವಿಜೇತಕ್ಕ, ತಂಡ ಅವಳದ್ದು, ಹಾಡುವವಳೂ ಅವಳೇ, ವೇಣೂರಿನ ರಿಸೆಪ್ಶನ್ ಮುಗಿದು ವಯರ್ ಸುತ್ತುವಾಗ ಎಲ್ಲರೆದುರು ಹೇಳಿದ್ದಳಲ್ಲ, ಶೋಧನ್, ನೀನು ಬಾರಿಸ್ತಿ ಅಂತ ನೋಡಿದ್ರೆ ಗೊತ್ತಾಗ್ತದೆ, ಕೇಳಿದ್ರೆ ಗೊತ್ತಾಗುದಿಲ್ಲ ಮಾರಾಯ, ಮಡಂತ್ಯಾರಿನಲ್ಲಿಯೂ ಹೀಗೇ ಆದ್ರೆ ಬೇಸ್ ಬಾರಿಸ್ಲಿಕ್ಕೆ ನಂಗೆ ಅಮಲ್‌ನ ಎಡಗೈ ಸಾಕು. ಅಮಲ್‌ನ ಎಡಗೈ! ಕೀಬೋರ್ಡಿನವನ ಬಲಗೈ ದುಡಿಯುತ್ತದೆ, ಎಡಗೈ ತೊಡೆಯ ಮೇಲೆ ಸುಮ್ಮನಿರುತ್ತದೆ, ಈಗಲೂ ಸುಮ್ಮನಿದೆ, ಸೀಟಿಗೆ ಟವೆಲು ಹಾಕಿಟ್ಟು ಬಸ್ಸು ಹೊರಡಲೆಂದು ಕಾಯುವವರ ಹಾಗೆ. ನೋಡಬಾರದು ಆ ಕಡೆ. ಲೋಟ ನೋಡಬೇಕು.

ಪೆಟ್ಟಿಗೆ ಚಿಕ್ಕದಿರಬೇಕು, ಸದ್ದು ದೊಡ್ಡದಿರಬೇಕು, ಸ್ಕೂಟರಿನಲ್ಲಿ ಗ್ಯಾಸ್ ಸಿಲಿಂಡರ್ ನಿಲ್ಲುವ ಜಾಗದಲ್ಲಿ ನಿಲ್ಲಬೇಕು — ಅಮ್ಮನ ಹೊಲಿಗೆ ಟೇಪು ಹಿಡಿದು ಅಂಗಳದಲ್ಲಿ ಅಳೆದಿದ್ದ, ಎಂತ ಮಗಾ, ಸ್ಕೂಟರಿಗೆ ರವಕೆ ಹೊಲಿಸ್ತೀಯಾ, ಅಮ್ಮನಿಗೆ ಎಲ್ಲವೂ ತಮಾಷೆ. ಮೂಡುಬಿದಿರೆಯ ಬಸ್ ಸ್ಟ್ಯಾಂಡ್ ಹಿಂದಿನ ಸ್ಪೀಕರ್ ಅಂಗಡಿಯಲ್ಲಿ ಯಜಮಾನರು ಬದ್ರುದ್ದೀನಾಕ ಎರಡು ಪೆಟ್ಟಿಗೆ ಇಟ್ಟರು, ಎರಡೂ ಟೇಪಿಗೆ ಸರಿ, ಇದು ತಗೊಳ್ಳಿ ಮಾರ್ರೆ, ಹಲಗೆ ದಪ್ಪ ಉಂಟು, ಸ್ವಲ್ಪ ಭಾರ, ಅಷ್ಟೆ. ಅಂಗಡಿಯವರು ಹೇಳಿದ್ದನ್ನು ಹಾಗೇ ನಂಬುವುದಕ್ಕುಂಟಾ, ಪರೀಕ್ಷೆ ಬೇಕು — ಅವರು ತರಿಸಿದ ಚಹಾದ ಗ್ಲಾಸನ್ನು ಭಾರದ್ದರ ಮೇಲಿಟ್ಟು ಮೀಟಿದ, ಚಹಾದ ಕೆನೆಯೂ ಅಲುಗಲಿಲ್ಲ, ಹಗುರದ್ದರ ಮೇಲಿಟ್ಟು ಮೀಟಿದ, ಅದೇ ತಂತಿ, ಅದೇ ವಾಲ್ಯೂಮ್, ಗ್ಲಾಸು ಓಡಿಯೇ ಹೋಯಿತು, ಹಿಡಿಯುವಷ್ಟರಲ್ಲಿ ಅರ್ಧ ಚಹಾ ಬದ್ರುದ್ದೀನಾಕರ ಬಿಳಿ ಅಂಗಿಗೆ. ಇದೇ ಬೇಕು ಅಂದ. ನಿಮಗೆ ಬೇಕಾದದ್ದು ಸ್ಪೀಕರಾ, ಚಹಾ ಚೆಲ್ಲುವ ಮೆಷಿನಾ, ಅಂದರು ಅವರು ಅಂಗಿ ಒರೆಸುತ್ತ.

ಈಗ ಪಾಯಸ. ಮದುಮಗಳ ಅಮ್ಮ ಸ್ವತಃ ವೇದಿಕೆ ಹತ್ತಿ ತಂದದ್ದು, ಗಂಟಲು ಒಣಗಿರ್ತದೆ, ಕುಡಿ ಮಗಾ ಅಂದರು, ಸೂರ್ಯ ಮುಳುಗಿದ ಮೇಲೆ ನಾವು ಜೈನರು ಏನೂ ತೆಗೆದುಕೊಳ್ಳುವುದಿಲ್ಲ, ಮನೆಯಲ್ಲಿ ಉಂಡೇ ಹೊರಟದ್ದು ಎಂದು ವಿವರಿಸುವಷ್ಟರಲ್ಲಿ ಡ್ರಮ್ಸ್ ಶುರುವಾಯಿತು, ಬೇಡವೆಂದರೆ ಅವರಿಗೆ ಬೇಜಾರು, ಹಾಗೆ ಲೋಟ ಪೆಟ್ಟಿಗೆಯ ಮೇಲೆ, ತುಂಬಿದ್ದು ತುಂಬಿದ ಹಾಗೇ, ದ್ರಾಕ್ಷಿ ತೇಲುತ್ತ. ವಿಜೇತಕ್ಕ ಹಾಡುತ್ತ ಮೈಕ್ ಹಿಡಿದು ಕೆಳಗಿಳಿದಳು, ಕುರ್ಚಿಗಳ ನಡುವೆ ಕೊನೆಯ ಸಾಲಿನವರೆಗೆ ಹೋದಳು, ಜನ ಚಪ್ಪಾಳೆ ತಟ್ಟಿದರು, ಅವಳು ಹೋದದ್ದು ಚಪ್ಪಾಳೆಗಲ್ಲ, ಅವನನ್ನು ಕೇಳಲಿಕ್ಕೆ. ಹಾಡಿನ ಎರಡು ಸಾಲಿನ ನಡುವೆ ಅಂಗೈಯನ್ನು ಕಿವಿಗೆ ಹಿಡಿದಳು. ವಾಲ್ಯೂಮ್ ಏರಿಸಿದ, ಲೋಟ ಎರಡು ಇಂಚು. ಅವಳ ಅಂಗೈ ಮತ್ತೆ ಕಿವಿಗೆ. ಪೂರ್ತಿ ಏರಿಸಿದ — ಇಲ್ಲಿ ಲೋಟ ಓಡುತ್ತಿದೆ, ಅಲ್ಲಿ ಕೇಳಿಸುತ್ತಿಲ್ಲ, ಹಾಗಾದರೆ ಸದ್ದು ಹೋಗುವುದೆಲ್ಲಿಗೆ? ಮೊಣಕಾಲು ಪೆಟ್ಟಿಗೆಯ ಬದಿಗೆ ತಾಗಿತು, ತೆಳು ಹಲಗೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಓ. ಸದ್ದು ಇಲ್ಲೇ ಉಂಟು. ಹಲಗೆಯನ್ನು ನಡುಗಿಸುವುದರಲ್ಲೇ ಖರ್ಚಾಗುತ್ತಿದೆ. ಆ ಭಾರದ ಪೆಟ್ಟಿಗೆ, ಕೆನೆ ಅಲುಗದ ಆ ಚಹಾ, ಅದು ಸದ್ದನ್ನೆಲ್ಲ ಮುಂದಕ್ಕೆ ಎಸೆದಿತ್ತು, ಅಂಗಡಿಯ ಶಟರು ಗಡಗಡಿಸಿತ್ತು, ಕಿವಿಗೆ ಕೇಳಿತ್ತು ಕೂಡ, ಆದರೆ ಅವನು ಕೇಳುತ್ತಿರಲಿಲ್ಲ, ಗ್ಲಾಸು ನೋಡುತ್ತಿದ್ದ. ಈಗಲೂ ಅದನ್ನೇ ನೋಡುತ್ತಿದ್ದಾನೆ — ಲೋಟ ಅಂಚಿಗೆ ಬಂದಿದೆ, ಹಿಡಿಯಬೇಕೆಂದರೆ ಗಿಟಾರಿನಿಂದ ಒಂದು ಕೈ ತೆಗೆಯಬೇಕು, ತೆಗೆದರೆ ಬೇಸ್ ನಿಲ್ಲುತ್ತದೆ, ನಿಂತದ್ದು ಯಾರಿಗೂ ಗೊತ್ತಾಗದೇ ಹೋದರೆ? ಮೀಟಿದ. ಲೋಟದ ಅರ್ಧ ಪೆಟ್ಟಿಗೆಯ ಮೇಲೆ, ಅರ್ಧ ಗಾಳಿಯಲ್ಲಿ. ಮೀಟಿದ. ಲೋಟ.

ಅದು ಬಿದ್ದ ಸದ್ದು ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು. ಅಮಲ್ ಎಡಗೈಯನ್ನು ತೊಡೆಯಿಂದೆತ್ತಿ ಕೀಬೋರ್ಡಿನ ಮೇಲಿಟ್ಟ.