ಹದಿನೇಳನೇ ನಂಬರಿನ ಸುತ್ತಿಗೆ

ಎಷ್ಟು ಒರೆಸಿದರೂ ಶವದ ಪೆಟ್ಟಿಗೆಯಿಂದ ಅಂಟು ಜಿನುಗುತ್ತಲೇ ಇತ್ತು. ಹೆಂಡತಿ ಮೂರನೇ ಬಟ್ಟೆ ತಂದು ಮತ್ತೆ ಕುಕ್ಕರುಗಾಲಿನಲ್ಲಿ ಕುಳಿತಳು. ಒಳಗೆ ಮಲಗಿದ್ದವನು ಮೂವತ್ತೊಂದು ವರ್ಷ ಕಂಪನಿಗಾಗಿ ಕಾಡಿನ ಮರಗಳಿಗೆ ಗುರುತು ಹೊಡೆದವನು. ಪೆಟ್ಟಿಗೆಯನ್ನು ಕಂಪನಿಯೇ ಕಳಿಸಿತ್ತು.

“ಬಿಡಿ ಅತ್ತಿಗೆ, ಮಣ್ಣಿಗೆ ಹೋಗೋದು ತಾನೇ,” ಎಂದ ಮೈದುನ. “ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸ್ತಾರಾ?”

“ಹಸಿ ಮರ ಇದು. ಕಡಿದು ತಿಂಗಳೂ ಆಗಿಲ್ಲ.”

ಗಂಡನ ಅಂಗಿ ಒಗೆದು ಒಗೆದು, ಯಾವ ಮರ ಯಾವಾಗ ಬಿತ್ತೆಂದು ವಾಸನೆಯಿಂದಲೇ ಹೇಳುವಷ್ಟು ಪಳಗಿದ್ದಳು ಅವಳು. ಕಾಲಿನ ಕಡೆಗೆ ಬಂದಾಗ ಒರೆಸುವ ಕೈ ನಿಂತಿತು. ದಪ್ಪ ಹಲಗೆಯ ತುದಿಯಲ್ಲಿ, ದುಂಡನೆಯ ಅಚ್ಚಿನೊಳಗೆ, ಹದಿನೇಳು.

* * *

ಕಾಡು ಮತ್ತೆ ಬೆಳೆಯುವಂತೆ ಕಡಿದ ಮರವನ್ನಷ್ಟೇ ಕೊಳ್ಳುತ್ತೇವೆ ಎಂದು ಕಂಪನಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಅದನ್ನು ನಿಜವೆಂದು ನಂಬಿದವನು ಬಹುಶಃ ಅವನೊಬ್ಬನೇ. ಬೀಜ ಉದುರಿಸುವ ತಾಯಿಮರಗಳನ್ನು ಬಿಟ್ಟು, ಕಡಿಯಬಹುದಾದವಕ್ಕೆ ಮಾತ್ರ ಅಚ್ಚಿನ ಸುತ್ತಿಗೆಯಿಂದ ತನ್ನ ನಂಬರು ಹದಿನೇಳನ್ನು ಒತ್ತುತ್ತಿದ್ದ. ಆ ನಂಬರಿಲ್ಲದ ದಿಮ್ಮಿ ಗೇಟು ದಾಟುವಂತಿರಲಿಲ್ಲ. ಹೊಳೆಯಾಚೆಯ ತಾಯಿಮರಗಳಿಗೂ ಒತ್ತಿಕೊಡು ಎಂದು ಕಂಪನಿಯ ಸಾಹೇಬರು ಎರಡು ವರ್ಷ ಬೆನ್ನು ಬಿದ್ದರು. ಅವನು ಹಿಡಿದ ಪಟ್ಟು ಬಿಡಲಿಲ್ಲ. ಸುತ್ತಿಗೆಯನ್ನು ತಲೆದಿಂಬಿನಡಿ ಇಟ್ಟುಕೊಂಡೇ ಮಲಗುತ್ತಿದ್ದ.

“ನನಗಿಂತ ಅದೇ ಹತ್ತಿರ ನಿಮಗೆ,” ಎಂದು ಅವಳು ರೇಗಿಸುತ್ತಿದ್ದಳು.

ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಬಿದ್ದುಹೋದವು. ಆಮೇಲೊಂದು ದಿನ ಸಾಹೇಬರು ಹಣ್ಣು ಹಿಡಿದು ನೋಡಲು ಬಂದರು.

“ಇವರಿಗ್ಯಾಕಮ್ಮ ಇನ್ನೂ ಈ ಭಾರ? ಸುತ್ತಿಗೆ ಆಫೀಸಲ್ಲಿ ಬೀಗ ಹಾಕಿ ಇಡ್ತೀವಿ.”

ಅವಳೇ ದಿಂಬೆತ್ತಿ ಕೊಟ್ಟಳು. ಗಂಡ ಗಂಟಲಿನಿಂದ ಏನೋ ಸದ್ದು ಮಾಡಿದ. ನೀರು ಕೇಳುತ್ತಿದ್ದಾನೆಂದು ಲೋಟ ಹಿಡಿದಳು. ಅವನು ಬಾಯಿ ತೆರೆಯಲಿಲ್ಲ.

* * *

“ಚಮಚ ಎತ್ತೋಕಾಗದ ಕೈ ಈ ನಂಬರು ಹೊಡೀತಾ?” ಎಂದು ಪೆಟ್ಟಿಗೆ ಮಾಡಿದ ಬಡಗಿಯನ್ನು ಕೇಳಿದಳು.

ಬಡಗಿ ತಲೆ ತಗ್ಗಿಸಿದ. “ಹೊಳೆಯಾಚೆಯ ಮರ ಅಮ್ಮಾ. ತಿಂಗಳಿಂದ ಲಾರಿಗಳು ಬರ್ತಾನೇ ಇವೆ. ಎಲ್ಲದರ ಮೇಲೂ ಇದೇ ನಂಬರು. ಆಫೀಸಲ್ಲಿ ಕೇಳಿದ್ರೆ, ಹಾಸಿಗೆ ಹಿಡಿಯೋಕೆ ಮುಂಚೇನೇ ನಿಮ್ಮ ಯಜಮಾನ್ರು ಒಪ್ಪಿ ಹೊಡೆದಿಟ್ಟಿದ್ರು ಅಂತಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ?”

“ಬೇರೆ ಪೆಟ್ಟಿಗೆ ಮಾಡಿಕೊಡಿ.”

“ಮಾಡಬಹುದು. ಆದ್ರೆ ಡಿಪೋದಲ್ಲಿ ಬೇರೆ ಮರ ಇಲ್ಲ.”

ಸುತ್ತಿಗೆಯನ್ನು ನಾನೇ ಕೊಟ್ಟೆ, ನನ್ನ ಕೈಯಾರೆ ಕೊಟ್ಟೆ ಎಂದುಕೊಂಡಳು ಅವಳು. ಅಷ್ಟರಲ್ಲಿ ಸಾಹೇಬರ ಕಾರು ಬಂತು. ಅವರು ಹೂವಿಟ್ಟು, ಕೈ ಕಟ್ಟಿ ನಿಂತು, ಸೇರಿದವರಿಗೆಲ್ಲ ಕೇಳುವಂತೆ ಹೇಳಿದರು: “ಇವರ ಗುರುತಿಲ್ಲದ ಒಂದು ತುಂಡು ಮರವನ್ನೂ ಕಂಪನಿ ಕೊಂಡಿಲ್ಲ. ಇವತ್ತಿಗೂ ಕೊಳ್ಳೋದಿಲ್ಲ.”

ಜನ ತಲೆಯಾಡಿಸಿದರು. ಯಾರೋ ಕಣ್ಣೊರೆಸಿಕೊಂಡರು. ಅವಳು ಎದ್ದು ನಿಂತಳು, ಸಾಹೇಬರ ಕಡೆ ಕೈ ತೋರಿಸಿದಳು. ಮಾತು ಹೊರಡಲಿಲ್ಲ. ಗಂಟಲಿನಿಂದ ಏನೋ ಸದ್ದಷ್ಟೇ ಬಂತು.

ಮೈದುನ ಓಡಿ ಬಂದು ಅವಳ ಬಾಯಿಗೆ ನೀರಿನ ಲೋಟ ಹಿಡಿದ.