ಡೆಕ್ ಕೂಡಿಸಿದ ದಿನ

"ತಡೀರಿ ಮಹಿಬೂಬಣ್ಣ, ಇಳಿಸಬ್ಯಾಡ್ರಿ. ಇನ್ನೊಂದು ಸಲ ಒಳಗ ನೋಡಿ ಬರ್ತೀನಿ," ಎಂದಳು ರೂಪಾ.

ಚೈನ್‌ಪುಲ್ಲಿ ಎಳೆಯುತ್ತಿದ್ದ ಮಹಿಬೂಬ ಕೈ ನಿಲ್ಲಿಸಿದ. ಹಾಯಿದೋಣಿಯ ಡೆಕ್ಕು, ಬಸ್ಸಿನಷ್ಟು ಉದ್ದದ ಫೈಬರ್ ಮೇಲ್ಭಾಗ, ದೋಣಿಯ ಒಡಲಿನ ಮೇಲೆ ತೂಗಾಡುತ್ತ ನಿಂತಿತು. ಮಹಿಬೂಬ ಆಳಂದದ ಕಡೆಯವನು. ವಾಳೂಜ್ ಕೈಗಾರಿಕಾ ಪ್ರದೇಶದ ಈ ಶೆಡ್ಡಿನಲ್ಲಿ ನೀರಿನ ಟ್ಯಾಂಕು, ಬಸ್ಸಿನ ಬಂಪರು ಮಾಡುತ್ತಿದ್ದ. ಎರಡು ವರ್ಷದಿಂದ ಅವನ ಅರ್ಧ ಶೆಡ್ಡನ್ನು ರೂಪಾಳ ದೋಣಿಯೇ ನುಂಗಿ ಕೂತಿತ್ತು.

"ರೂಪಕ್ಕ, ಬಿಸಿಲು ಏರಿದ್ರ ರೆಜಿನ್ ಅಂಟು ಕಾದು ಗಟ್ಟಿ ಆಗ್ತದ, ಕೈಯಾಗ ನಿಲ್ಲಂಗಿಲ್ರಿ. ಒಮ್ಮೆ ಡೆಕ್ ಕೂತ್ರ ಕೂತಂಗೇ. ಆಮ್ಯಾಲ ಬ್ಯಾರೆ ಮಾಡ್ಬೇಕಂದ್ರ ಕೊಯ್ಯೋದೇ."

"ಗೊತ್ತದ ಅಣ್ಣ."

ಗೊತ್ತಿದ್ದರಿಂದಲೇ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾಸಿಕದ ಸಾತಪುರದಲ್ಲಿ, ಬಸ್ಸುಗಳ ನಕ್ಷೆ ಬರೆಯುವ ಆಫೀಸಿನಲ್ಲಿ, ಕೂತ ಕುರ್ಚಿಯಲ್ಲೇ ಅರ್ಧ ಆಯುಷ್ಯ ಕಳೆದವಳು ಅವಳು. ಗಂಗಾಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಭಾನುವಾರಗಳಂದು ಹಾಯಿ ಹಿಡಿಯುವುದು ಕಲಿತ ಮೇಲೆ ಆ ಕುರ್ಚಿ ಚುಚ್ಚತೊಡಗಿತು. ವಾರಗಟ್ಟಲೆ ದಡ ಮುಟ್ಟದೆ ಲಕ್ಷದ್ವೀಪದವರೆಗೂ ಹೋಗಬಲ್ಲ ದೋಣಿಯೊಂದರ ನಕ್ಷೆಯನ್ನು ತಾನೇ ಬರೆಯಬೇಕೆಂದು ಹಟಕ್ಕೆ ಬಿದ್ದಳು. ಹಾಯಿ ದೊಡ್ಡದು ಮಾಡಿದರೆ ದೋಣಿ ವಾಲುತ್ತಿತ್ತು. ವಾಲದಿರಲೆಂದು ತಳಕ್ಕೆ ಸೀಸದ ಭಾರ ಕೂಡಿಸಿದರೆ ಓಟ ಕುಂದುತ್ತಿತ್ತು. ಒಂದು ಸರಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಕೆಡುತ್ತಿತ್ತು. ಬರೆದದ್ದನ್ನು ಅಳಿಸಿ, ಅಳಿಸಿದ್ದನ್ನು ಮತ್ತೆ ಬರೆದು, ಮೂರು ಸಲ ಮಹಿಬೂಬನ ಕೈಲಿ ಅಚ್ಚು ಒಡೆಸಿದ್ದಳು. ಇವತ್ತೂ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಏನೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ಏಣಿ ಹತ್ತಿ ಒಳಗಿಳಿದಳು. ಹಿಂದೆಯೇ ಗಂಡ ಶಿವಕಾಂತನೂ ಇಳಿದ. ರಜೆ ಹಾಕಿ ನಾಸಿಕದಿಂದ ಅವಳ ಜೊತೆ ಬಂದಿದ್ದ. ದೋಣಿಯ ಹೊಟ್ಟೆಯೊಳಗೆ ಅವನು ಕಾಲಿಟ್ಟದ್ದು ಇದೇ ಮೊದಲು.

ಶಿವಕಾಂತ ಹುಮನಾಬಾದಿನವನು. ಸಾತಪುರದ ಕಾರ್ಖಾನೆಯೊಂದರಲ್ಲಿ, ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿದ್ದ. ದೋಣಿಯ ಮಾತು ಬಂದಾಗಲೆಲ್ಲ "ನಾವು ಹೋಗ್ತೀವಿ" ಅನ್ನುತ್ತಿದ್ದ. ಬರೀ ಅಂದು ಸುಮ್ಮನಿರಲಿಲ್ಲ. ಐವತ್ತರ ಹೊಸ್ತಿಲಲ್ಲಿ ಮಹಾಪಾಲಿಕೆಯ ಈಜುಕೊಳ ಸೇರಿ, ಶಾಲೆ ಮಕ್ಕಳ ನಡುವೆ ಕೈಕಾಲು ಬಡಿದು, ಕಿವಿ ಸೋರಿಸಿಕೊಂಡು, ಕೊನೆಗೂ ಈ ದಂಡೆಯಿಂದ ಆ ದಂಡೆಗೆ ಈಜಿದ್ದ. ಆ ಸಂಜೆ ಬಿಲ್ಡಿಂಗಿಗೆಲ್ಲ ಪೇಢೆ ಹಂಚಿದ್ದ.

"ಇದೇನು, ಒಲಿ ತೂಗಾಡ್ತದಲ್ಲ?"

"ದೋಣಿ ವಾಲಿದ್ರೂ ಪಾತ್ರಿ ನೆಟ್ಟಗ ಇರ್ಲಿ ಅಂತ."

"ಭಾರಿ ಅದ," ಎಂದು ನಕ್ಕ. ಆಮೇಲೆ ಬಲಗಡೆಯ ಮಂಚದ ಮೇಲೆ ಅಡ್ಡಾದ. ಪಾದ ಗೋಡೆಗೆ ತಾಗಿತು. ಮಂಡಿ ಮಡಚಿದ, ಮಗ್ಗುಲಾದ, ಎದ್ದು ಕೂತ. "ಇದು ನಿನ್ನ ಅಳತಿದು. ನಂದೆಲ್ಲದ?"

ರೂಪಾ ಎಡಗಡೆಗೆ ಕೈ ಮಾಡಿದಳು. ಎತ್ತಿದ ಕೈ ಹಾಗೇ ಉಳಿಯಿತು. ಅಲ್ಲಿ ನೀರಿನ ಟ್ಯಾಂಕಿತ್ತು. ಅದರ ಮೇಲೆ ಸಮುದ್ರದ ನಕಾಶೆ ಹರಡುವ ಮೇಜು.

ಮೊದಲ ನಕ್ಷೆಯಲ್ಲಿ ಅಲ್ಲೊಂದು ಉದ್ದನೆಯ ಮಂಚ ಇತ್ತು. ಮೇಜಿಗೆ ಜಾಗ ಬೇಕಾದಾಗ ಅದು ಗಿಡ್ಡವಾಯಿತು. ಟ್ಯಾಂಕು ದೊಡ್ಡದಾದಾಗ ಬೆಂಚಾಯಿತು. ಆಮೇಲೆ ಯಾವಾಗಲೋ ಅದೂ ಹೋಯಿತು. ಒಂದೊಂದು ಬದಲಾವಣೆಗೂ ಕಾರಣವಿತ್ತು, ಲೆಕ್ಕವಿತ್ತು. ಬೆಂಚು ಅಳಿಸಿದ ಹೊತ್ತಿನಲ್ಲಿ ಅವಳಿಗೆ ಗಂಡನ ನೆನಪೇ ಆಗಿರಲಿಲ್ಲ. ಟ್ಯಾಂಕಿನ ನೀರು ಎಷ್ಟು ದಿನ ಬರುತ್ತದೆಂದು ನೋಡುವಾಗಲೂ ಒಬ್ಬರು ಕುಡಿಯುವುದನ್ನೇ ಹಿಡಿದಿದ್ದಳು.

"ಬೇಕಂತ ಮಾಡಿಲ್ರಿ," ಎಂದಳು.

"ಬೇಕಂತ ಮಾಡಿದ್ರ ಜಗಳ ಆದ್ರೂ ಮಾಡ್ತಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಕುಟುಕಿತು. ತಟ್ಟನೆ ಮಂಡಿಯೂರಿ ಟ್ಯಾಂಕಿನ ಮೇಲೆ ಗೇಣು ಹಾಕತೊಡಗಿದಳು. "ಈಗೂ ಆಗ್ತದ್ರಿ. ಟ್ಯಾಂಕು ತೆಗೆಸ್ತೀನಿ. ಮಂಚ ಒಂದೇ ಅಚ್ಚಿನ ತುಂಡು, ಡೆಕ್ ಕೂಡಿದ ಮ್ಯಾಲ ಒಳಗಿಳಿಯೋ ಕಿಂಡಿಯಾಗ ಹಿಡಿಯಂಗಿಲ್ಲ. ಅದಕ್ಕ ಇವತ್ತ ನಿಲ್ಲಿಸಿ..."

"ರೂಪಾ."

ಗೇಣು ಹಾಕುತ್ತಿದ್ದ ಕೈ ನಿಂತಿತು.

"ನನ್ನ ಸಲುವಾಗಿ ತೆಗೀಬ್ಯಾಡ. ನಿನಗ ನಾ ಬೇಕಂತ ಇದ್ರ ತೆಗಿ."

ಅವಳು ಬಾಯಿ ತೆರೆದಳು. ಬೇಕು ಅನ್ನುವುದು ಸುಲಭವಿತ್ತು; ಮನೆಯಲ್ಲಾದರೆ, ಊಟದ ಮುಂದೆ ಕೂತಾಗಲಾದರೆ, ಅದು ಸುಳ್ಳೂ ಆಗಿರಲಿಲ್ಲ. ಆದರೆ ಕಣ್ಣ ಮುಂದೆ ಬಂದ ಕಡಲಿನಲ್ಲಿ, ಚುಕ್ಕಾಣಿಯ ಹತ್ತಿರ, ಅವಳೊಬ್ಬಳೇ ಇದ್ದಳು. ಯಾವಾಗಲೂ ಒಬ್ಬಳೇ ಇದ್ದಳು.

"ಏನ್ ಮಾಡೋದ್ರಿ? ಇಳಿಸ್ಲ್ಯಾ, ಬಿಡ್ಲ್ಯಾ?" ಮಹಿಬೂಬ ಹೊರಗಿನಿಂದ ಕೂಗಿದ.

ಶಿವಕಾಂತ ಅವಳ ಮುಖ ನೋಡುತ್ತ ಕಾದ. ಅವಳು ನೋಟ ತಪ್ಪಿಸಲಿಲ್ಲ.

"ಇಳಿಸ್ರಿ," ಎಂದಳು.

ಅವನು ತಲೆಯಾಡಿಸಿದ. ಏಣಿಯತ್ತ ಹೋದವನು ತಿರುಗಿ, "ಈಜು ಏನ್ ದಂಡ ಆಗಂಗಿಲ್ಲ ಬಿಡು. ಬೆನ್ನು ನೋವು ಹೋಗ್ಯದ," ಎಂದು ಹತ್ತಿ ಹೊರಗಿಳಿದು ಹೋದ. ಅವಳಿಗೆ ಅಳು ಬಂತು. ಅಳಲು ಪುರಸೊತ್ತಿರಲಿಲ್ಲ. ಅಂಟು ಕಲಸಿ ಆಗಿತ್ತು.

ಸರಪಳಿ ಕಿರುಗುಟ್ಟಿತು. ಡೆಕ್ಕು ಗೇಣು ಗೇಣಾಗಿ ಇಳಿದು ಅಂಚಿಗೆ ಅಂಚು ಕೂತಿತು. ಸಂದಿಗೆ ಒಳಗಿನಿಂದ ಫೈಬರ್ ಪಟ್ಟಿ ಹಚ್ಚಲು ಒಬ್ಬರು ಒಳಗೇ ಇರಬೇಕಿತ್ತು, ರೂಪಾ ಉಳಿದಳು. ಕಿಂಡಿಯ ಬೆಳಕೊಂದು ಬಿಟ್ಟರೆ ಕತ್ತಲಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಇನ್ನೂ ಬಣ್ಣ ಕಾಣದ ಫೈಬರ್, ಶೆಡ್ಡಿನ ಬಾಗಿಲಿಂದ ಬಂದ ಬಿಸಿಲನ್ನು ಒಳಗೆ ಬಿಟ್ಟುಕೊಂಡು ಜೇನಿನ ಬಣ್ಣಕ್ಕೆ ತಿರುಗಿತ್ತು. ಹೊರಗೆ ಕ್ಲ್ಯಾಂಪು ಬಿಗಿಯುತ್ತ ಸಾಗುವ ಆಕೃತಿಯೊಂದು ಅದರ ಮೇಲೆ ಮಸುಕಾಗಿ ಮೂಡುತ್ತಿತ್ತು. ಎತ್ತರದಿಂದಲೇ ಗುರುತು ಸಿಕ್ಕಿತು.

ಟ್ಯಾಂಕಿನ ನೇರಕ್ಕೆ ಬಂದು ಅದು ನಿಂತಿತು.

"ಇಲ್ಲಿ ಸಂದು ಬಿಟ್ಟದ," ಶಿವಕಾಂತನ ದನಿ ಗೋಡೆಯಾಚೆಯಿಂದ ಬಂತು. "ನಾ ಹಿಡ್ಕೊಂಡೀನಿ. ಒಳಗಿಂದ ಒತ್ತು."

ರೂಪಾ ಎರಡೂ ಅಂಗೈ ಊರಿ ಒತ್ತಿದಳು. ಆಚೆಯಿಂದ ಅವನ ಭುಜದ ಭಾರ ಬಂತು. ಇಬ್ಬರ ನಡುವೆ, ಬೆರಳಷ್ಟು ದಪ್ಪದ ಗೋಡೆ ನಿಧಾನಕ್ಕೆ ಬಿಸಿಯಾಗತೊಡಗಿತು.